ಕೆಲಸ ಮಾಡದ ಕ್ರಿಯಾಪದಗಳು

ಇಂಗ್ಲಿಷಲ್ಲಿ ವಾಕ್ ಅನ್ನೋದೇ ಕ್ರಿಯಾಪದ, ಲುಕ್ ಅನ್ನೋದೂ ಕ್ರಿಯಾಪದ. ಆದ್ರೂ ಅವ್ರಿಗೆ ಸಮಾಧಾನ ಇಲ್ಲ, ಟೇಕ್ ಎ ವಾಕ್ ಅಂತಾರೆ, ಹ್ಯಾವ್ ಎ ಲುಕ್ ಅಂತಾರೆ. ಈ ಟೇಕು, ಹ್ಯಾವು, ಗಿವ್ವು, ಮೇಕುಗಳಿಗೆ ಲೈಟ್ ವರ್ಬ್, ಅಂದ್ರೆ ಅರ್ಥದ ಭಾರ ಹೊರದ ಹಗುರ ಕ್ರಿಯಾಪದ, ಅಂತ ಹೆಸರಿಟ್ಟೋನು ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಒಟ್ಟೋ ಯೆಸ್ಪರ್ಸನ್, ಅವನ ಇಂಗ್ಲಿಷ್ ವ್ಯಾಕರಣದ 1942ರ ಸಂಪುಟದಲ್ಲಿ. ಮದ್ವೆ ಮನೇಲಿ ಪಂಚೆ ಎತ್ತಿಕಟ್ಟಿ ಓಡಾಡೋ ಸೋದರಮಾವನ ಥರ ಇವು, ಅಡುಗೆ ಬಡಿಸೋದೆಲ್ಲ ಬೇರೆಯೋರು, ಆದ್ರೆ ಯಾವಾಗ ಏನು ಅಂತ ಹೇಳೋಕೆ ಮಾವನೇ ಬೇಕು.

ನಾವೂ ಫೋನ್ ಮಾಡ್ತೀವಿ, ಅಡ್ಜಸ್ಟ್ ಮಾಡ್ಕೋತೀವಿ, ಹೊರಗಿಂದ ಬಂದ ಪದ ಯಾವುದೇ ಇರ್ಲಿ ‘ಮಾಡು’ ಹಚ್ಚಿ ಒಳಗೆ ಬಿಟ್ಕೋತೀವಿ. ಇಂಗ್ಲಿಷ್ ಹಾಗಲ್ಲ, ಮನೇಲೇ ಹುಟ್ಟಿದ ಕ್ರಿಯಾಪದವನ್ನೇ ನಾಮಪದ ಮಾಡಿ ಅದಕ್ಕೆ ಇನ್ನೊಂದು ಕ್ರಿಯಾಪದ ಜೋಡಿಸುತ್ತೆ. ಸುಮ್ನೆ ಅಲ್ಲ ಬಿಡಿ, ನಾಮಪದ ಆದ್ರೆ ಮುಂದೆ ಎಷ್ಟು ವಿಶೇಷಣ ಬೇಕಾದ್ರೂ ಪೋಣಿಸಬಹುದು. ಹ್ಯಾವ್ ಎ ಲಾಂಗ್ ಹಾಟ್ ಬಾತ್ ಅನ್ನೋದನ್ನ ಸ್ನಾನ ಮಾಡು ಅನ್ನೋ ಬರೀ ಬೇದ್ ಕ್ರಿಯಾಪದ ಇಟ್ಕೊಂಡು ಹೇಳಿ ನೋಡೋಣ! (ಅಮೆರಿಕದಲ್ಲಾದ್ರೆ ಟೇಕ್ ಎ ಬಾತ್, ಅದು ಅವ್ರವ್ರ ಬಚ್ಚಲು.)

ನಂಗೆ ಮಜಾ ಅನ್ಸೋದು ಬೇರೆ. ಹ್ಯಾವ್ ಎ ಡ್ರಿಂಕ್ ಸರಿ, ಹ್ಯಾವ್ ಎನ್ ಈಟ್ ಯಾಕೆ ತಪ್ಪು? ಇದನ್ನೇ 1982ರಲ್ಲಿ ಅನ್ನಾ ವಿಯೆಜ್‌ಬಿಟ್ಸ್ಕಾ ಅನ್ನೋ ಭಾಷಾಶಾಸ್ತ್ರಜ್ಞೆ ಕೇಳಿ ಉದ್ದದ ಲೇಖನಾನೇ ಬರೆದ್ರು. ಅವ್ರು ಹೇಳೋದು ಹೆಚ್ಚುಕಮ್ಮಿ ಹೀಗೆ, ಹ್ಯಾವ್ ಬರೋದು ಸ್ವಲ್ಪ ಹೊತ್ತು, ಖುಷಿಗೆ, ಗುರಿ ಗಿರಿ ಇಲ್ದೆ ಮಾಡೋದಕ್ಕೆ, ಬೇಕಾದ್ರೆ ಇನ್ನೊಂದ್ಸಲ ಮಾಡೋ ಅಂಥದ್ದಕ್ಕೆ. ಹಂಗಾಗಿ ಹ್ಯಾವ್ ಎ ಸ್ವಿಮ್ ಅಂದ್ರೆ ನೀರಲ್ಲಿ ಒಂದಿಷ್ಟು ಆಡ್ಕೊಂಡು ಬರೋದು, ಆಚೆ ದಡ ಸೇರಲೇಬೇಕು ಅಂತ ಹೊರಟೋನಿಗೆ ಬರೀ ಸ್ವಿಮ್ಮೇ ಗತಿ. ಏನೂ ಅರ್ಥ ಇಲ್ಲ ಅಂದ್ಕೊಂಡಿದ್ದ ಹ್ಯಾವ್ ಒಳಗೆ ಇಷ್ಟೊಂದು ಆರಾಮ ಅಡಗಿದೆ.

ಪರೀಕ್ಷೆ ವಿಷಯಕ್ಕೆ ಬಂದ್ರೆ ಮಾತ್ರ ಆರಾಮ ಎಲ್ಲಾ ಹೋಯ್ತು. ಅಮೆರಿಕದೋರು ಎಕ್ಸಾಮ್ ಟೇಕ್ ಮಾಡ್ತಾರೆ, ಬ್ರಿಟಿಷರು ಸಿಟ್ ಅಂತಾನೂ ಅಂತಾರೆ, ಹಿಂದಿಯೋರು ಹಿಂದೀಲಿ ಕೊಡೋ ಹಾಗೇ ಇಂಗ್ಲಿಷಲ್ಲೂ ಗಿವ್ ಅಂತಾರೆ, ಅದನ್ನ ಕೇಳಿದ ಅಮೆರಿಕದೋನು ಓಹೋ ಇವ್ರು ಮೇಷ್ಟ್ರು ಅನ್ಕೋಬೇಕು. ನಾವು ಬರೀತೀವಿ, ಇಂಗ್ಲಿಷಲ್ಲೂ ರೈಟಿಂಗ್ ಎಕ್ಸಾಮೇ. ಆದ್ರೆ ನಮ್ ‘ಬರಿ’ ಹಗುರ ಅಲ್ಲ, ಪೆನ್ನು ಪೇಪರ್ ಬಿಟ್ಟು ಒಂದಡಿ ಆಚೆ ಬರಲ್ಲ. ಬಾಯಲ್ಲೇ ಉತ್ತರ ಹೇಳೋ ವೈವಾ ಇದ್ರೆ ಅದನ್ನ ಯಾರೂ ಬರಿಯಲ್ಲ, ಅಟೆಂಡ್ ಮಾಡ್ತೀವಿ.