ಆರು ಸ್ಪೀಕರು, ಒಂದೇ ಬಾಯಿ

ನಮ್ಮ ಮನೆಗೆ ಹೋಂ ಥಿಯೇಟರ್ ಬಂದ ದಿನ ಅಮ್ಮ ಆರೂ ಡಬ್ಬಗಳಿಗೆ ಅರಿಶಿನ ಕುಂಕುಮ ಹಚ್ಚಿದಳು. ಸಬ್‌ವೂಫರ್ ಎಲ್ಲಕ್ಕಿಂತ ದೊಡ್ಡದಲ್ಲವೇ, ಹಿರಿಯರೆಂದು ಅದಕ್ಕೊಂದು ಮೊಳ ಮಲ್ಲಿಗೆಯೂ ಬಿತ್ತು. ಮೊದಲ ಪ್ರದರ್ಶನ ಅವಳ ಮೆಚ್ಚಿನ ‘ಕಸ್ತೂರಿ ನಿವಾಸ’. ಮೆಜೆಸ್ಟಿಕ್ಕಿನ ಗಲ್ಲಿಯೊಂದರಲ್ಲಿ ಧೂಳು ಒರೆಸಿ ತಂದ ವಿಸಿಡಿ, ಅಂದರೆ ಚಿತ್ರ ತುಂಬಿದ ಹಳೇ ಕಾಲದ ಸೀಡಿ.

ಚಿತ್ರ ಶುರುವಾಯಿತು. ಟೀವಿಯ ಕೆಳಗಿದ್ದ ನಡುವಿನ ಸ್ಪೀಕರಿನಿಂದ ಮಾತ್ರ ಮಾತು ಬರುತ್ತಿತ್ತು. ಉಳಿದವು ಮದುವೆ ಮನೆಯಲ್ಲಿ ಮುನಿಸಿಕೊಂಡು ಕೂತ ಬೀಗರ ಹಾಗೆ ಗಪ್‌ಚುಪ್. ಸೋಫಾ ಹಿಂದಿನ ಸ್ಪೀಕರಿಗೆ ಕಿವಿ ಆನಿಸಿದೆ, ವೈರು ಕಿತ್ತು ಚುಚ್ಚಿದೆ, ಕೊನೆಗೆ ಜೋಡಿಸಿಕೊಟ್ಟು ಹೋಗಿದ್ದ ಹುಡುಗನಿಗೆ ಫೋನ್ ಮಾಡಿದೆ.

“ಯಾವ ಪಿಕ್ಚರ್ ಸಾರ್?”

ಹೇಳಿದೆ.

“ಅಯ್ಯೋ ಸಾರ್, 1971ರದು. ಮೋನೋ. ಇರೋದೇ ಒಂದು ಟ್ರ್ಯಾಕು, ಅದನ್ನ ಆರು ಕಡೆ ಎಲ್ಲಿಂದ ಹಂಚೋದು?”

ಅಡುಗೆಮನೆಯಿಂದಲೇ ಎಲ್ಲ ಕೇಳಿಸಿಕೊಂಡ ಹೆಂಡತಿ, “ಇರಲಿ ಬಿಡ್ರೀ, ಐದು ಜನ ಸುಮ್ಮನೆ ಕೂತು ಒಬ್ಬರು ಮಾತ್ರ ದುಡಿಯೋದು ನಮ್ಮ ಮನೇಲಿ ಹೊಸದೇನಲ್ಲ” ಅಂದಳು. ಅಂದಿನಿಂದ ಹಿಂದಿನ ಎರಡು ಸ್ಪೀಕರುಗಳ ಸ್ಟ್ಯಾಂಡು ಒದ್ದೆ ಟವೆಲ್ಲಿಗೆ ಮೀಸಲು.

ಟೀವಿಯದು ಇನ್ನೊಂದು ಕಥೆ. ಹಳೆಯ ಚಿತ್ರಗಳ ಚೌಕಟ್ಟಿನ ಅಗಲ-ಎತ್ತರ ಹೆಚ್ಚುಕಮ್ಮಿ 4:3, ನಮ್ಮ ಟೀವಿಯದು ಇನ್ನೂ ಅಗಲ, 16:9. ಎರಡೂ ಪಕ್ಕದಲ್ಲಿ ಕಪ್ಪು ಪಟ್ಟಿ ಉಳಿಯಲೇಬೇಕು. ನಮ್ಮ ಮಾವ ಸೈಟು ವ್ಯವಹಾರದಲ್ಲಿ ಪಳಗಿದವರು. “ದುಡ್ಡು ಕೊಟ್ಟ ಜಾಗ ಖಾಲಿ ಬಿಡ್ತಾರೇನ್ರೀ?” ಎಂದು ರಿಮೋಟು ಒತ್ತಿ ಚಿತ್ರವನ್ನು ಅಂಚಿನವರೆಗೂ ಎಳೆದರು. ಎಲ್ಲರೂ ಮೂರನೇ ಒಂದು ಪಾಲು ದಪ್ಪಗಾದರು. ಕಡ್ಡಿಯಂಥ ನರಸಿಂಹರಾಜು ಗರಡಿಮನೆ ಪೈಲ್ವಾನ! ನಾನು ಸರಿಮಾಡುವುದು, ಮಾವ ಎಳೆಯುವುದು, ಹೀಗೆ ಒಂದೇ ದೃಶ್ಯದಲ್ಲಿ ಅವರು ನಾಲ್ಕು ಸಲ ಊದಿ ನಾಲ್ಕು ಸಲ ಇಳಿದರು. ಮೇಲಾಗಿ ವಿಸಿಡಿ ಚಿತ್ರದಲ್ಲಿರುವುದು ಸುಮಾರು ಒಂದು ಲಕ್ಷ ಚುಕ್ಕಿ. ಟೀವಿ ಕೇಳುವುದು ಇಪ್ಪತ್ತು ಲಕ್ಷ. ಮುಖಗಳೆಲ್ಲ ರಾಗಿಹಿಟ್ಟಿನಲ್ಲಿ ಬರೆದ ರಂಗೋಲಿ.

ಆದರೂ ಸಂಗ್ರಹದ ಹುಚ್ಚು ಬಿಡಲಿಲ್ಲ. ಮೊದಲಿನಿಂದಲೇ ಶುರುಮಾಡೋಣವೆಂದು ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ ಕೇಳಿದೆ. ಅಂಗಡಿ ಹುಡುಗ ಮೇಲಿನ ಕಪಾಟಿಗೆ ಏಣಿ ಹಾಕಿ ಹತ್ತು ನಿಮಿಷ ಹುಡುಕಿ, “ಸತಿ ಇಲ್ಲ ಸಾರ್, ಸತ್ಯನಾರಾಯಣ ಕಥೆ ಇದೆ, ಕೊಡ್ಲಾ?” ಅಂದ. ಆ ಚಿತ್ರದ ಪ್ರಿಂಟೇ ಉಳಿದಿಲ್ಲವೆಂದು ನನಗೆ ತಿಳಿದದ್ದು ಆಮೇಲೆ. ಹೀಗೆ ನನ್ನ ಗೂಡಿನ ಮೊದಲ ಸ್ಥಾನದಲ್ಲಿ ಇಂದಿಗೂ ಸತ್ಯನಾರಾಯಣ ಸ್ವಾಮಿಯೇ ಇದ್ದಾನೆ.

ಎಲ್ಲಕ್ಕಿಂತ ದೊಡ್ಡ ಗೋಳು ಡಿಸ್ಕು ಸಿಕ್ಕಿಹಾಕಿಕೊಳ್ಳುವುದು. ಅದೂ ಪ್ರತಿ ಸಲ ಕೊನೆಯಲ್ಲೇ. ಶನಿಕಾಟ ಅಂದುಕೊಂಡಿದ್ದೆ. ಕಾರಣ ಬೇರೆ: ಸೀಡಿಯನ್ನು ಪ್ಲೇಯರ್ ಓದುವುದು ಒಳಗಿನಿಂದ ಹೊರಕ್ಕೆ. ಅಂದರೆ ಕಥೆಯ ಆರಂಭ ನಡುವಿನ ತೂತಿನ ಹತ್ತಿರ, ಕ್ಲೈಮ್ಯಾಕ್ಸು ಹೊರ ಅಂಚಿನ ಹತ್ತಿರ. ನಾವು ಕೈಯಿಟ್ಟು ಎತ್ತುವುದೂ ಅದೇ ಅಂಚು! ಚಕ್ಕುಲಿ ತಿಂದ ಕೈ, ಎಣ್ಣೆ ಹಚ್ಚಿದ ಕೈ, ಎಲ್ಲದರ ಮುದ್ರೆಯೂ ನೇರ ಕ್ಲೈಮ್ಯಾಕ್ಸಿನ ಮೇಲೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದೆ, ಹಳೇ ಬನಿಯನ್ನಿನಲ್ಲಿ ಒರೆಸಿದೆ. ಡಿಸ್ಕು ಘಮಘಮ ಅಂದಿತೇ ಹೊರತು ಮುಂದಕ್ಕೆ ಹೋಗಲಿಲ್ಲ.

ಮೊನ್ನೆ ಭಾನುವಾರ ಮತ್ತೆ ‘ಕಸ್ತೂರಿ ನಿವಾಸ’. 2014ರಲ್ಲಿ ಬಣ್ಣ ಹಚ್ಚಿ ಬಿಡುಗಡೆ ಮಾಡಿದ್ದರಲ್ಲ, ಅದು ಅಮ್ಮನಿಗೆ ಬೇಡ. “ಆ ಸೀರೆಗಳಿಗೆಲ್ಲ ನಾನು ಅಂದುಕೊಂಡಿದ್ದ ಬಣ್ಣವೇ ಬೇರೆ” ಅನ್ನುತ್ತಾಳೆ. ಕೊನೆಯ ಡಿಸ್ಕು. ಎಲ್ಲ ಕೊಟ್ಟು ಬರಿಗೈಯಾದ ರಾಜಕುಮಾರ್ ಮನೆಗೆ ಅತಿಥಿಯ ಆಗಮನ. ಮುಂದಿನದು ಗೊತ್ತಲ್ಲ, ಅತಿಥಿ ಕೇಳುವುದು ಪಾರಿವಾಳವನ್ನೇ; ಅತಿಥಿಯ ಊಟಕ್ಕೆಂದು ಅದನ್ನು ಆಗಲೇ ಮಾರಿಯಾಗಿದೆ. ಅಮ್ಮ ಸೆರಗನ್ನು ಕಣ್ಣಿನ ಹತ್ತಿರ ತಂದಿಟ್ಟುಕೊಂಡಿದ್ದಳು. ಅತಿಥಿ ಬಾಯಿ ತೆರೆದದ್ದಷ್ಟೇ. ಟಕ್! ಚಿತ್ರ ನಿಂತಿತು.

ನಾನು ಬನಿಯನ್ನು ಹುಡುಕಲು ಎದ್ದೆ. ಅಮ್ಮ ಕೈ ಹಿಡಿದು ಕೂರಿಸಿದಳು.

“ಬಿಡೋ, ಒರೆಸಬೇಡ. ಐವತ್ತು ವರ್ಷದಿಂದ ನೋಡ್ತಿದೀನಿ, ಪ್ರತಿ ಸಲ ಕೇಳೇ ಕೇಳುತ್ತೆ ಮುಂಡೇದು. ಇವತ್ತೊಂದಿನ ಕೇಳದೇ ಹೋಗ್ಲಿ.”

ಬಾಯಿ ತೆರೆದ ಅತಿಥಿಯನ್ನು ಟೀವಿಯಲ್ಲಿ ಹಾಗೇ ಕೂರಿಸಿ, ನಾವು ಊಟಕ್ಕೆ ಎದ್ದೆವು.