ನೈಸ್ಮಿತ್ ಲೆಕ್ಕ, ನಮ್ಮ ನಡಿಗೆ

ಬೆಟ್ಟದ ದಾರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿಯೇ ಒಂದು ಸೂತ್ರ ಹಾಕಿಕೊಟ್ಟಿದ್ದಾರೆ: ನಕ್ಷೆಯ ಮೇಲಿನ ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಬೆನ್ನಿಗೆ ಸಂಸಾರವನ್ನೇ ಕಟ್ಟಿಕೊಂಡು ವಾರಗಟ್ಟಲೆ ನಡೆಯಲು ಹೊರಟಿದ್ದ ನಮ್ಮ ಗುಂಪಿನ ಗಣಿತಜ್ಞ ಮಿತ್ರರಿಗೆ ಇದು ವೇದವಾಕ್ಯ. ಅಂದಿನ ದಾರಿ 10 ಕಿಲೋಮೀಟರ್, ಏರು 900 ಮೀಟರ್, ಆದ್ದರಿಂದ ಮೂರೂವರೆ ಗಂಟೆ; ಏಳಕ್ಕೆ ಹೊರಟರೆ ಹತ್ತೂವರೆಗೆ ಮುಂದಿನ ಬಿಡಾರದಲ್ಲಿ ಕಾಲು ಚಾಚಬಹುದೆಂದು ಅವರು ಹಿಂದಿನ ರಾತ್ರಿಯೇ ಘೋಷಿಸಿ ಮಲಗಿದ್ದರು.

ಏಳು ಗಂಟೆಗೆ ಒಲೆಯೇ ಹೊತ್ತಿಕೊಳ್ಳಲಿಲ್ಲ. ಬ್ಯುಟೇನ್ ಅನಿಲವು ಶೂನ್ಯ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗಲು ಮುಷ್ಕರ ಹೂಡುವುದರಿಂದ ಗ್ಯಾಸ್ ಡಬ್ಬಿಯನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಆ ತಣ್ಣನೆಯ ಲೋಹವನ್ನು ಇನ್ನೊಬ್ಬರು ಅಪ್ಪಿಕೊಂಡಿದ್ದಾರೆಂದು ಎಲ್ಲರೂ ನೆಮ್ಮದಿಯಿಂದ ನಂಬಿದ್ದರು. ಕೊನೆಗೆ ಒಬ್ಬರು ಅದನ್ನು ಎಳೆಗೂಸಿನಂತೆ ಜಾಕೆಟ್ಟಿನೊಳಗೆ ಅವಚಿಕೊಂಡು, ಅತ್ತಿಂದಿತ್ತ ಓಡಾಡಿ ಬೆಚ್ಚಗೆ ಮಾಡಿದರು. ಒಲೆ ಹೊತ್ತಿ ನೀರೇನೋ ಬೇಗ ಕುದಿಯಿತು. ಆದರೆ 3,000 ಮೀಟರ್ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿದು ತನ್ನ ಕೆಲಸ ಮುಗಿಯಿತೆನ್ನುವುದರಿಂದ, ಅಲ್ಲಿ ಯಾರ ಬೇಳೆಯೂ ಸುಲಭವಾಗಿ ಬೇಯುವುದಿಲ್ಲ. ಅರೆಬೆಂದದ್ದನ್ನೇ ಅಗಿದು ಹೊರಟಾಗ ಒಂಬತ್ತು ದಾಟಿತ್ತು.

ಸ್ವಲ್ಪ ದೂರ ಹೋಗುವುದರೊಳಗೆ ಮಳೆ ಹಿಡಿಯಿತು. ಈ ಕ್ಷಣಕ್ಕೆ ಬೇಕಾದ ವಸ್ತು ಸದಾ ಬೆನ್ನುಚೀಲದ ತಳದಲ್ಲಿಯೇ ಇರುತ್ತದೆಂಬ ನಿಸರ್ಗನಿಯಮವನ್ನು ನೈಸ್ಮಿತ್ ಲೆಕ್ಕಕ್ಕೆ ಹಿಡಿದಿಲ್ಲ. ಗಣಿತಜ್ಞರು ರೇನ್‌ಕೋಟಿನ ಶೋಧದಲ್ಲಿ ಒದ್ದೆ ಬಂಡೆಯ ಮೇಲೆ ಒಂದೊಂದಾಗಿ ಹೊರತೆಗೆದಿಟ್ಟರು: ಉಳಿದಿದ್ದ ಏಕೈಕ ಒಣ ಕಾಲುಚೀಲದ ಜೊತೆ, ತೂಕ ಇಳಿಸಲೆಂದು ಹಿಡಿ ಮುರಿದು ತಂದಿದ್ದ ಹಲ್ಲುಜ್ಜುವ ಬ್ರಷ್ಷು, ಅದರ ಬೆನ್ನಿಗೇ ಇಟ್ಟಿಗೆ ಗಾತ್ರದ ಒಂದು ಕಾದಂಬರಿ. ಕೋಟು ಸಿಕ್ಕಿ ಅದರ ಜಿಪ್ಪು ಕುತ್ತಿಗೆ ಮುಟ್ಟುವ ಹೊತ್ತಿಗೆ ಕಾಲುಚೀಲ ನೆನೆದು ತೊಪ್ಪೆಯಾಗಿತ್ತು, ಮಳೆ ನಿಂತು ಬಿಸಿಲು ಬಿದ್ದಿತ್ತು. ಮುಂದಿನ ಏರಿನಲ್ಲಿ ಅವರು ಕೋಟಿನೊಳಗೇ ಬೆವರಿ, ಹೊರಗಿನ ಮಳೆ ಮಾಡಲಾಗದ್ದನ್ನು ಒಳಗಿನಿಂದ ಸಾಧಿಸಿದರು.

ಸುಳ್ಳು ಶಿಖರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ತುದಿ ಬಂತೆಂದು ನಾವು ಕೈಯೆತ್ತಿ ಕೂಗಿದಲ್ಲೆಲ್ಲ ಅದರ ಹಿಂದೆ ಇನ್ನೂ ಎತ್ತರದ ಒಂದು ತುದಿ ಅಡಗಿ ಕುಳಿತಿರುತ್ತಿತ್ತು.

ಬಿಡಾರ ಮುಟ್ಟಿದಾಗ ಸಂಜೆಯಾಗಿತ್ತು. ಸೂತ್ರದ ಗತಿ ಏನಾಯಿತು ಸ್ವಾಮಿ ಎಂದು ಕೇಳಿದರೆ, ನೈಸ್ಮಿತ್ ಹೇಳಿದ್ದು ತಕ್ಕಮಟ್ಟಿಗೆ ಗಟ್ಟಿಮುಟ್ಟಾಗಿರುವವರ ವಿಚಾರವೇ ಹೊರತು ನಿಮ್ಮಂಥವರದ್ದಲ್ಲ ಎಂದು ಗಣಿತಜ್ಞರು ಬೂಟು ಬಿಚ್ಚುತ್ತಾ ಉತ್ತರಿಸಿದರು. ಹಿಮ್ಮಡಿಯ ಬೊಬ್ಬೆಗೆ ಟೇಪು ಅಂಟಿಸಿಕೊಂಡು ಮತ್ತೆ ನಕ್ಷೆ ಹರಡಿ, ನಾಳೆ ಬರೀ ಇಳಿಜಾರು, ಇಳಿಯುವುದಕ್ಕೆಂದು ಈ ಸೂತ್ರದಲ್ಲಿ ಒಂದು ನಿಮಿಷವನ್ನೂ ಸೇರಿಸಬೇಕಾಗಿಲ್ಲ ಎಂದು ಸಾರಿದರು. ಆ ಮಹಾನುಭಾವರಿಗೆ ಮಂಡಿಗಳೇ ಇರಲಿಲ್ಲವೇ ಎಂದು ಡೇರೆಯೊಳಗಿಂದ ಯಾರೋ ನರಳಿದರು.