ಅವರದು ಪರಂಪರೆ, ನಮ್ಮದು ಹೊಲಸು ಹೇಗಾಯಿತು?

ನಿನ್ನೆ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹಿಮಾಚಲದಿಂದ ಕಲಬುರಗಿಗೆ ವಾಪಸ್ ಬಂದು ನಾಲ್ಕು ದಿನವಾಯಿತು. ಗೆಳೆಯರೊಬ್ಬರ ಮನೆಯಲ್ಲಿ ಊಟಕ್ಕೆ ಕೂತಾಗ ಮೊಬೈಲಿನಲ್ಲಿ ಸೋಲನ್‌ನ ಫೋಟೊ ತೋರಿಸುತ್ತಿದ್ದೆ. ಗುಡ್ಡದ ಇಳಿಜಾರಿನಲ್ಲಿ ಹಳೆಯ ಬಿಯರ್ ಕಾರ್ಖಾನೆ, ಕೆಳಗೆ ಸಣ್ಣ ರೈಲು ಹಳಿ. "ಎಷ್ಟು ಛಂದ ಉಳಿಸ್ಕೊಂಡಾರ ನೋಡ್ರಿ, ಇದಕ್ಕ ಅಂತಾರ ಪರಂಪರಾ" ಅಂದರು ಒಬ್ಬರು. "ನಮ್ಮ ಸೇಂದಿನೂ ಹಿಂಗೇ ಉಳಿಸಬಹುದಿತ್ತಲ್ರಿ" ಅಂದೆ. ಅವರ ಮುಖವೇ ಬದಲಾಯಿತು. "ಉಣ್ಣೋ ಹೊತ್ತಿನ್ಯಾಗ ಆ ಹೊಲಸಿನ ಮಾತು ಎದಕ್ಕ್ರಿ?"

ಹೊಲಸು. ಆ ಮಾತು ಕೇಳಿದ ಮೇಲೆ ನನಗೆ ತುತ್ತು ಇಳಿಯಲಿಲ್ಲ.

ನಮ್ಮ ಮುತ್ಯಾ, ಅಂದರೆ ಅಜ್ಜ, ಸೇಂದಿ ಇಳಿಸಲು ಈಚಲ ಮರ ಹತ್ತುತ್ತಿದ್ದರು ಅಂತ ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಚಿಂಚೋಳಿ ಕಡೆ ಹಳ್ಳದ ದಂಡೆಗೆ ಸಾಲಾಗಿ ಈಚಲ ಇತ್ತು. ಸಂಜೆ ಸೊಂಟಕ್ಕೆ ಹಗ್ಗ ಸುತ್ತಿ ಹತ್ತಿ, ಗರಿಯ ಕೆಳಗೆ ಕತ್ತಿಯಿಂದ ತೆಳ್ಳಗೆ ಕೆತ್ತಿ, ಗಡಿಗೆ ಕಟ್ಟಿ ಇಳಿಯೋರು. ಹೊತ್ತು ಮೂಡುವ ಮೊದಲು ಮತ್ತೆ ಹತ್ತಿ ಗಡಿಗೆ ಇಳಿಸೋರು. ಚಳಿಗಾಲದ ಆ ನಸುಕಿನಲ್ಲಿ ಗಡಿಗೆಯೊಳಗಿನದು ಬೆಲ್ಲದ ನೀರಿನಷ್ಟು ಸಿಹಿ, ಅದೇ ನೀರಾ. ಬಿಸಿಲೇರಿದಂತೆ ತಾನೇ ಹುಳಿಯಾಗಿ ನೊರೆ ಬಂದು ಸೇಂದಿಯಾಗುತ್ತದೆ. ಹುಳಿಯಾಗಬಾರದು ಅಂದರೆ ಗಡಿಗೆಯೊಳಗೆ ಸುಣ್ಣ ಬಳಿಯಬೇಕು. ನನಗೆ ಕೊಡುವ ಗಡಿಗೆಗೆ ಮುತ್ಯಾ ಮರೆಯದೆ ಸುಣ್ಣ ಬಳಿಯೋರು.

ಈಗ ಸೋಲನ್ ವಿಷಯಕ್ಕೆ ಬರುತ್ತೇನೆ. ಕಾಲ್ಕಾದಿಂದ ಶಿಮ್ಲಾಕ್ಕೆ 96 ಕಿಲೋಮೀಟರ್ ಸಣ್ಣ ರೈಲು. 1903ರಲ್ಲಿ ಶುರುವಾದ ಈ ಹಳಿ 2008ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ಹಾದಿಯಲ್ಲಿ 'ಸೋಲನ್ ಬ್ರೂವರಿ' ಅಂತ ಒಂದು ಸ್ಟೇಷನ್ನೇ ಇದೆ. ಬಿಯರ್ ಕಾರ್ಖಾನೆಯ ಹೆಸರಿನ ರೈಲ್ವೆ ಸ್ಟೇಷನ್! ಈ ವ್ಯವಹಾರದ ಮೂಲ ಹತ್ತಿರದ ಕಸೌಲಿಯದು. ಎಡ್ವರ್ಡ್ ಡೈಯರ್ ಅನ್ನುವ ಇಂಗ್ಲಿಷಿನವನು 1850ರ ದಶಕದಲ್ಲಿ ಬ್ರಿಟಿಷ್ ಸೈನಿಕರಿಗೆಂದು ಅಲ್ಲಿ ಬಿಯರ್ ಮಾಡಿಸಿದ. ಆಮೇಲೆ ಒಳ್ಳೆಯ ಒರತೆ ನೀರಿಗಾಗಿ ಬಿಯರ್ ಕೆಲಸ ಸೋಲನ್‌ಗೆ ಬಂತು. 1919ರಲ್ಲಿ ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿಸಲು ಹೇಳಿದ ಜನರಲ್ ಡೈಯರ್ ಈತನ ಮಗ. ಸ್ವಾತಂತ್ರ್ಯದ ನಂತರ, 1949ರಲ್ಲಿ, ನರೇಂದ್ರನಾಥ ಮೋಹನ್ ಈ ಬಿಯರ್ ಕಂಪನಿಯನ್ನು ಕೊಂಡರು. ಆ ಡೈಯರ್ ಹೆಸರಿದ್ದ ಕಂಪನಿ ನಮ್ಮವರ ಕೈಗೆ ಬಂದು ಇವತ್ತಿಗೂ ನಡೆಯುತ್ತಿದೆ. ಅದರ ಬಗ್ಗೆ ನನಗೆ ತಕರಾರಿಲ್ಲ, ಸಂತೋಷವೇ.

ನಾವು ಒಳಗೆ ಹೋಗಲಿಲ್ಲ, ರಸ್ತೆಬದಿ ನಿಂತು ನೋಡಿದೆವು. ಬೇಯುವ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ವಾಸನೆ ಗಾಳಿಯಲ್ಲಿ ಬಂತು. ಸಿಹಿ, ಒಂದಿಷ್ಟು ಹುಳಿ. ಕಣ್ಣು ಮುಚ್ಚಿದರೆ ಮುತ್ಯಾನ ಗಡಿಗೆ ಕಂಡಿತು. ಎರಡೂ ಕಡೆ ಸಕ್ಕರೆಯನ್ನು ಮದ್ಯ ಮಾಡುವುದು ಯೀಸ್ಟೇ. ಬಾರ್ಲಿಯನ್ನಾದರೆ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೇಯಿಸಿ ಸಕ್ಕರೆ ಹೊರಡಿಸಬೇಕು. ಈಚಲಿಗೆ ಅದ್ಯಾವುದೂ ಬೇಡ, ಮರವೇ ಸಕ್ಕರೆ ಇಳಿಸಿಕೊಡುತ್ತದೆ. ಬಾರ್ಲಿಗೆ ಮಾನ, ಈಚಲಿಗೆ ಅವಮಾನ ಯಾಕೆ?

ಮಧ್ಯಾಹ್ನ ಪೇಟೆಯ ಸಣ್ಣ ಹೋಟೆಲಿನಲ್ಲಿ ಊಟ. ಸಿಡ್ಡು ತಂದುಕೊಟ್ಟರು. ಗೋಧಿ ಹಿಟ್ಟನ್ನು ಹುದುಗು ಬರಿಸಿ, ಒಳಗೆ ಅಕ್ರೋಟು, ಗಸಗಸೆ ತುಂಬಿ, ಹಬೆಯಲ್ಲಿ ಬೇಯಿಸಿ, ಮೇಲೆ ತುಪ್ಪ ಸುರಿದ ಕಡುಬು. ಜೊತೆಗೆ ಮೊಸರಲ್ಲಿ ಬೆಂದ ಕಾಬೂಲಿ ಕಡಲೆಯ ಮದ್ರಾ. ಬಡಿಸಿದ ಅಮ್ಮ ಪಕ್ಕದಲ್ಲೇ ನಿಂತು, ತನ್ನೂರಲ್ಲಿ ಹಿಟ್ಟು ಎಷ್ಟು ಹೊತ್ತು ಹುದುಗು ಬರಬೇಕು ಅಂತ ವಿವರಿಸಿದರು. ಕಿನ್ನೌರ್ ಕಡೆ ಸೇಬು, ಜರ್ದಾಲುವಿನಿಂದ ಮನೆಯಲ್ಲೇ ಮದ್ಯ ಇಳಿಸುವುದನ್ನೂ ಸಹಜವಾಗಿ ಹೇಳಿದರು. ಅವರ ದನಿಯಲ್ಲಿ ಎಲ್ಲೂ ನಾಚಿಕೆ ಇರಲಿಲ್ಲ. ನನಗೆ ಹೊಟ್ಟೆ ಉರಿಯಿತು.

ಯಾಕೆಂದರೆ ನಾನು ನಾಚಿಕೊಂಡಿದ್ದೆ. ಕಾಲೇಜಿಗೆ ಕಲಬುರಗಿಗೆ ಬಂದಾಗ ಹಾಸ್ಟೆಲಿನಲ್ಲಿ "ನಿಮ್ಮ ಮನ್ಯಾಗ ಏನ್ ಮಾಡ್ತಾರ?" ಅಂತ ಕೇಳಿದವರಿಗೆಲ್ಲ ಒಕ್ಕಲುತನ ಅಂದಿದ್ದೆ. ಮೂರು ವರ್ಷವೂ ಅದನ್ನೇ ಹೇಳಿದೆ. ಮುತ್ಯಾ ಒಮ್ಮೆ ಬುತ್ತಿ ತಂದಾಗ ಗೇಟಿನ ಹೊರಗೇ ಮಾತಾಡಿಸಿ ಕಳಿಸಿದೆ. ಅವರಿಗೆ ಅರ್ಥವಾಗಿತ್ತು. ಏನೂ ಅನ್ನಲಿಲ್ಲ.

ಗೊತ್ತು, ನೀವು ಕೇಳುವುದು ಪೌಡರಿನ ಮಾತು. ಸೇಂದಿಗೆ ಕ್ಲೋರಲ್ ಹೈಡ್ರೇಟ್ ಅನ್ನುವ ಮತ್ತಿನ ಪುಡಿ ಬೆರೆಸಿ ಮಾರಿದರು, ಮಂದಿ ಹಾಳಾದರು, ಹೆಣ್ಣುಮಕ್ಕಳು ಕಣ್ಣೀರು ಹಾಕಿದರು. ಸುಳ್ಳಲ್ಲ. ನಮ್ಮ ಕಾಕಾನೂ ಅದರಿಂದಲೇ ಹೋದ. ಆದರೆ ಪೌಡರು ಮರದಿಂದ ಇಳಿದದ್ದೇ? ಹರಾಜು ಹಿಡಿದ ದೊಡ್ಡ ಗುತ್ತೇದಾರರು ಹತ್ತು ಮರದ ಸೇಂದಿಯನ್ನು ಸಾವಿರ ಮಂದಿಗೆ ಮಾರಲು ಹೋದಾಗ ಬಂದದ್ದು ಪೌಡರು. ಮರ ಹತ್ತುವವನಿಗೆ ಅದರ ಅಂಗಡಿಯೂ ಗೊತ್ತಿರಲಿಲ್ಲ. ಹಾಲಿಗೆ ಯೂರಿಯಾ ಬೆರೆಸಿದರೆ ಬೆರೆಸಿದವನನ್ನು ಹಿಡಿಯುತ್ತೇವೆ, ಎಮ್ಮೆ ಸಾಕುವುದನ್ನೇ ನಿಲ್ಲಿಸುವುದಿಲ್ಲ.

ಅದಕ್ಕೇ ಅಂತ ನಮ್ಮ ಕಡೆ ಸೇಂದಿಯನ್ನೇ ನಿಷೇಧಿಸಿದರು. ನಿಷೇಧದಿಂದ ಕುಡಿತ ನಿಂತಿತೇ? ಮೊದಲು ಸೇಂದಿ ಹೋಯಿತು, 2007ರ ಜುಲೈ 1ಕ್ಕೆ ಸಾರಾಯಿ ಹೋಯಿತು. ಈಗ ನಮ್ಮೂರ ಕಿರಾಣಿ ಅಂಗಡಿಯಲ್ಲಿ 90 ಎಂ.ಎಲ್. ವಿಸ್ಕಿ ಪ್ಯಾಕೆಟ್ ಸಿಗುತ್ತದೆ. ಸೇಂದಿಗಿಂತ ಎಷ್ಟೋ ಪಟ್ಟು ಗಟ್ಟಿ ಮದ್ಯ. ಅದರ ರೊಕ್ಕದಲ್ಲಿ ಒಂದು ಪೈಸೆಯೂ ಊರಲ್ಲಿ ಉಳಿಯುವುದಿಲ್ಲ. ಮರ ಹತ್ತುತ್ತಿದ್ದವರ ಮಕ್ಕಳು ಹೈದರಾಬಾದಿನಲ್ಲಿ, ಪುಣೆಯಲ್ಲಿ ಸಿಮೆಂಟು ಹೊರುತ್ತಿದ್ದಾರೆ. ಇದೇ ರಾಜ್ಯದ ದಕ್ಷಿಣ ಕನ್ನಡ, ಉಡುಪಿಯಲ್ಲಿ ಸೇಂದಿ ಇಳಿಸಬಹುದು. ಗಡಿ ದಾಟಿ ತೆಲಂಗಾಣದ ತಾಂಡೂರ ಕಡೆ ಹೋದರೆ ಅಲ್ಲೂ ಇಳಿಸಬಹುದು, ನಮ್ಮ ಹುಡುಗರು ಭಾನುವಾರ ಬೈಕ್ ಹತ್ತಿ ಹೋಗುವುದು ಅಲ್ಲಿಗೇ. ಹಳ್ಳ ದಾಟಿದರೆ ಕಸುಬು, ದಾಟದಿದ್ದರೆ ಅಪರಾಧ. ಎಂಥ ಅನ್ಯಾಯ ಇದು!

ಸೇಂದಿ ಬೇಡವೆಂದರೆ ನೀರಾ ಆದರೂ ಕೊಡಿ. ತೆಂಗಿನ ನೀರಾಕ್ಕೆ ಸರ್ಕಾರ ಅನುಮತಿ ಕೊಟ್ಟಿದೆಯಲ್ಲ, ಈಚಲು ಏನು ಪಾಪ ಮಾಡಿದೆ? ಮರಕ್ಕೊಂದು ನಂಬರ್ ಹಾಕಿ. ಹತ್ತುವವನ ಹೆಸರಿಗೇ ಪರವಾನಗಿ ಕೊಡಿ, ಗುತ್ತೇದಾರನ ಹೆಸರಿಗೆ ಬೇಡ. ಪೌಡರು ಸಿಕ್ಕರೆ ಜೈಲಿಗೆ ಹಾಕಿ, ನಾನೇ ಸಾಕ್ಷಿ ಹೇಳುತ್ತೇನೆ.

ಇವತ್ತು ಬೆಳಿಗ್ಗೆ ತಡೆಯಲಾಗದೆ ಊರಿಗೆ ಹೋಗಿ ಬಂದೆ. ಹಳ್ಳದ ದಂಡೆಯಲ್ಲಿ ಈಗ ಉಳಿದಿರುವುದು ಒಂದೇ ಈಚಲು. ಪ್ರತಿ ವರ್ಷ ಕೆತ್ತಿದ ಗಾಯ ಕಾಂಡದಲ್ಲಿ ಮೆಟ್ಟಿಲಿನಂತೆ ಉಳಿಯುತ್ತದೆ, ಒಂದು ವರ್ಷ ಈ ಕಡೆ, ಮರುವರ್ಷ ಆ ಕಡೆ. ಕೆಳಗೆ ನಿಂತು ಎಣಿಸಿದೆ. ಇಪ್ಪತ್ಮೂರು. ಅಲ್ಲಿಂದ ಮೇಲೆ ಗರಿಯವರೆಗೆ ಒಂದೂ ಗಾಯವಿಲ್ಲ.